ಕಂಬಳಿಯೊಳಗಿಂದ ಬಂದ ಸದ್ದು

ಅಕ್ಟೋಬರ್ 9

ಅಥೆನ್ಸಿನ ಪಿರಿಯಸ್ ಬಂದರಿನ ಮೂರನೇ ಮಹಡಿಯ ಅಧೀಶ್ವರಿಯೂ, ಶಾಲಾ ಅಡುಗೆಮನೆಯ ಸಮಸ್ತ ಬಾಣಲೆಗಳ ಒಡತಿಯೂ, ತಮ್ಮನ ಕಿವಿ ಹಿಂಡುವ ಹಕ್ಕನ್ನು ಹುಟ್ಟುವಾಗಲೇ ಪಡೆದು ಬಂದವಳೂ ಆದ ಶ್ರೀಮನ್ಮಹಾರಾಣಿ ಸೆವಾಸ್ತಿ ದೇವಿಯವರ ಪಾದಾರವಿಂದಗಳಿಗೆ, ಮಿಕೆಸ್ ಎಂಬ ದಾಸಾನುದಾಸನು ಹಿಟ್ಟು ಮೆತ್ತಿದ ಕೈಗಳನ್ನು ಜೋಡಿಸಿ ಮಾಡಿಕೊಳ್ಳುವ ವಿಜ್ಞಾಪನೆ.

ಅಕ್ಕಾ, ನೀನು ಹೇಳಿದ ಹಾಗೆ ಪತ್ರವನ್ನೇ ಬರೆಯುತ್ತಿದ್ದೇನೆ. ಮನೆಯ ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಿನ್ನ ಮಗರಾಯ ಥೆಮೆಲಿಸ್ ನಿನ್ನನ್ನು ಫೋನಿನ ಒಳಗೆಲ್ಲ ಹುಡುಕುತ್ತಾನೆ. ಸಿಗದಿದ್ದಾಗ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಾನೆ. ನನ್ನ ಮೊಬೈಲಂತೂ ಆಗಸ್ಟಿನಲ್ಲೇ ಸಮುದ್ರರಾಜನ ಸೇವೆಗೆ ಸಂದಿದೆ. ಹಾಗಾಗಿ ಹಡಗಿನ ಅಂಚೆಚೀಲವೇ ನಮಗೆ ಗತಿ.

ಸುದ್ದಿ ಇದು: ನಮ್ಮ ದ್ವೀಪಕ್ಕೆ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ ಬಂದಿಳಿದಿದ್ದಾಳೆ. ನಿನ್ನ ಮಗನ ಆಟಿಸಂಗೆ ಬೇಕೇ ಬೇಕೆಂದು ಡಾಕ್ಟರು ಬರೆದುಕೊಟ್ಟ, ಯಾರಿಗಾಗಿ ನೀನು ಅಥೆನ್ಸಿನಲ್ಲಿ ಸರದಿ ಕಾಯುತ್ತಿದ್ದೀಯೋ, ಅದೇ ಜಾತಿಯ ಪ್ರಾಣಿ. ಹೆಸರು ದೊಮ್ನಾ. ಉತ್ತರದವಳು, ಎತ್ತರದವಳು, ಮಾತು ಕಡಿಮೆ. ಆರೋಗ್ಯ ಇಲಾಖೆಯವರು ಈ ಚಳಿಗಾಲಕ್ಕೆಂದು ಕಳಿಸಿದ್ದಾರಂತೆ. ಹಳೆಯ ಸ್ಪಂಜಿನ ಗೋದಾಮಿನ ಮೇಲಿನ ಕೋಣೆಯಲ್ಲಿ ಒಂದು ಉಯ್ಯಾಲೆ ಕಟ್ಟಿ, ಬೋಗುಣಿ ತುಂಬ ಮಸೂರ ಬೇಳೆ ಸುರಿದುಕೊಂಡು ಕೂತಿದ್ದಾಳೆ. ಮಂಗಳವಾರ ಮತ್ತು ಶುಕ್ರವಾರ ಥೆಮೆಲಿಸನ ಪಾಳಿ.

ಅಮ್ಮ ಬೇಕರಿಯ ಗಲ್ಲಾ ಬಿಟ್ಟು ಎದ್ದುಬಂದು ವಿಚಾರಣೆ ನಡೆಸಿದಳು.

"ಏನಮ್ಮಾ ನಿನ್ನ ಕೆಲಸ?"

"ಔದ್ಯೋಗಿಕ ಚಿಕಿತ್ಸೆ, ಕಲ್ಲಿಯೋಪಿ ಅಮ್ಮಾ."

"ಆರು ವರ್ಷದ ಕೂಸಿಗೆ ಯಾವ ಉದ್ಯೋಗ ಕೊಡಿಸ್ತೀಯೇ? ಬಂದರು ಪೊಲೀಸೋ, ಹಡಗಿನ ಕಪ್ತಾನನೋ?"

"ಅಂಗಿ ಹಾಕ್ಕೊಳ್ಳೋದು, ಚಮಚ ಹಿಡಿಯೋದು, ಆಡೋದು. ಮಗೂಗೆ ಅದೇ ಉದ್ಯೋಗ ಅಲ್ವಾ?"

"ಅದನ್ನ ಹೇಳ್ಕೊಡೋಕೆ ಸರ್ಕಾರ ಸಂಬಳ ಬೇರೆ ಕೊಡುತ್ತಾ? ಹಾಗಾದ್ರೆ ನನ್ನ ಬಾಕಿ ಎಷ್ಟು ಅಂತ ಕೇಳ್ಕೊಂಡು ಬಾರೋ ಮಿಕೆಸ್, ಮೂರು ಮಕ್ಕಳನ್ನ ಬೆಳೆಸಿದ್ದೀನಿ!"

ಅಮ್ಮ ಬೆಳ್ಳಿಯ ತಟ್ಟೆಯಲ್ಲಿ ಚಮಚದ ಸಿಹಿ ತಂದಿಟ್ಟಳು, ಸಕ್ಕರೆಪಾಕದಲ್ಲಿ ಅದ್ದಿದ ಮರಸೇಬಿನದು, ಬಿಷಪ್ ಬಂದಾಗ ತೆಗೆಯುವ ಡಬ್ಬಿಯದು. ದೊಮ್ನಾ ಮುಟ್ಟಲಿಲ್ಲ. ಕೆಲಸದ ಹೊತ್ತಿನಲ್ಲಿ ತಿನ್ನುವುದಿಲ್ಲವಂತೆ. ಅವಳು ಅತ್ತ ಹೋದದ್ದೇ ತಡ, "ನನ್ನ ಮನೆ ಸಿಹಿ ಮುಟ್ಟದವಳು ನನ್ನ ಮೊಮ್ಮಗನ್ನ ಮುಟ್ತಾಳಂತೆ!" ಎಂದು ಅಮ್ಮ ತಟ್ಟೆ ಎತ್ತಿದಳು. ಇನ್ನೂ ಘೋರವಾದದ್ದು ಕೇಳು: ಅವಳು ಥೆಮೆಲಿಸನನ್ನು ನೋಡಿ "ಎಷ್ಟು ಚಂದದ ಕಣ್ಣು" ಎಂದಳು, ಆದರೆ ದೃಷ್ಟಿಯಾಗದಿರಲೆಂದು ಮೂರು ಸಲ ಉಗುಳಲಿಲ್ಲ. ಅವಳ ಪರವಾಗಿ ಅಮ್ಮನೇ ಥೂ ಥೂ ಥೂ ಎಂದು ಲೆಕ್ಕ ಸರಿ ಮಾಡಬೇಕಾಯಿತು.

ದ್ವೀಪದ ಹಿತದೃಷ್ಟಿಯಿಂದ ನಾನು ನನ್ನನ್ನೇ ಗೂಢಚಾರನಾಗಿ ನೇಮಿಸಿಕೊಂಡಿದ್ದೇನೆ. ವರದಿಗಳು ಬರುತ್ತಿರುತ್ತವೆ.

ನಿನ್ನ ಪಾದಧೂಳಿ,
ಮಿಕೆಸ್

—

ಅಕ್ಟೋಬರ್ 17

ಲೋ ಕೋತಿ,

ಮಹಾರಾಣಿಯ ಕೈ ಈರುಳ್ಳಿ ವಾಸನೆ ಹೊಡೆಯುತ್ತಿದೆ. ಆಟ ಸಾಕು, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡು.

ಯಾವಳೋ ಉತ್ತರದವಳು, ಊರಿನಲ್ಲಿ ಕೈತುಂಬ ಕೆಲಸವಿರುವವಳು, ಚಳಿಗಾಲದಲ್ಲಿ ನಮ್ಮ ಬಂಡೆಗೆ ಯಾಕೆ ಬಂದಳು? ಜನ ನಮ್ಮಲ್ಲಿಂದ ಹೋಗುವ ಕಾಲವದು. ಅವಳ ಪ್ರಮಾಣಪತ್ರ ಗೋಡೆಯ ಮೇಲಿದೆಯೇ? ಹಿಂದಿನ ಊರಿನಲ್ಲಿ ಏನು ಮಾಡಿದ್ದಳು? ಕೋಣೆಯ ಬಾಗಿಲು ತೆರೆದಿರುತ್ತದೆಯೋ ಮುಚ್ಚಿರುತ್ತದೆಯೋ?

ನಾನು ಸಂಶಯದ ಪಿಶಾಚಿ ಎಂದು ನಗಬೇಡ. ಹೋದ ಬೇಸಿಗೆಯಲ್ಲಿ ಬಂದವನು ನೆನಪಿದ್ದಾನಲ್ಲ, ಕಿವಿಗೆ ಯಂತ್ರ ಇಟ್ಟು ತಿಂಗಳಲ್ಲಿ ಮಾತು ಬರಿಸುತ್ತೇನೆ ಎಂದವನು? ಅವನ ಮುಗುಳ್ನಗೆಗೆ ನಾನು ಎಷ್ಟು ದಿನ ಸೋತಿದ್ದೆ! ನನ್ನ ಮಗ ಏನಾಯಿತೆಂದು ಹೇಳಲಾರ, ಮಿಕೆಸ್. ಬೇರೆ ಮಕ್ಕಳು ಮನೆಗೆ ಬಂದು ದೂರು ಹೇಳುತ್ತವೆ. ನನ್ನ ಮಗುವಿಗೆ ನೋವಾದರೆ ನನಗೆ ತಿಳಿಯುವುದು ನಿನ್ನ ಕಣ್ಣಿನಿಂದ ಮಾತ್ರ.

ಇಲ್ಲಿ ನಮ್ಮ ಸರದಿ ಕ್ರಿಸ್ಮಸ್ ಹೊತ್ತಿಗೆ ಬಂದೇ ಬರುತ್ತದೆ. ಒಳ್ಳೆಯ ಕೇಂದ್ರ, ದೊಡ್ಡ ಕಟ್ಟಡ. ಅಲ್ಲಿಯವರೆಗೆ ಯಾರೂ ಅವನನ್ನು ಹಾಳು ಮಾಡದಿದ್ದರೆ ಸಾಕು.

ಅವನು ಬ್ರೆಡ್ಡಿನ ಅಂಚು ಬಿಟ್ಟು ಬೇರೇನಾದರೂ ತಿನ್ನುತ್ತಿದ್ದಾನೆಯೇ?

ಸೆವಾಸ್ತಿ

—

ಅಕ್ಟೋಬರ್ 30

ಪರಮ ರಹಸ್ಯ. ಓದಿದ ಮೇಲೆ ನುಂಗತಕ್ಕದ್ದು.

ಮಹಾರಾಣಿಯವರ ಗುಪ್ತಚರ ದಳದ ಮುಖ್ಯಸ್ಥನು (ದಳದಲ್ಲಿ ಇರುವವನೂ ಅವನೊಬ್ಬನೇ) ಅತ್ಯಂತ ಗಾಂಭೀರ್ಯದಿಂದ ಒಪ್ಪಿಸುವ ವರದಿ.

ಪ್ರಮಾಣಪತ್ರ ಗೋಡೆಯ ಮೇಲಿದೆ, ಮುದ್ರೆಯೂ ಇದೆ. ಆದರೆ ಸ್ವಲ್ಪ ಓರೆಯಾಗಿ ನೇತುಬಿದ್ದಿದೆ. ಇದರ ಹಿಂದೆ ಯಾವ ಸಂಚಿದೆಯೋ ತನಿಖೆ ನಡೆದಿದೆ. ಯಾಕೆ ಬಂದೆ ಎಂದು ಕೇಳಿದ್ದಕ್ಕೆ "ಸಮುದ್ರ ನೋಡೋಕೆ" ಎಂದಳು. ಉತ್ತರದಲ್ಲಿ ಸಮುದ್ರವಿಲ್ಲವೇ? ಇದೆ. ಬರೆದುಕೊಂಡೆ.

ಅವಳು ಥೆಮೆಲಿಸನ ಹೊಸ ಅಂಗಿಗಳ ಕುತ್ತಿಗೆಪಟ್ಟಿಗೆ ಕತ್ತರಿ ಹಾಕಿ ಚೀಟಿಗಳನ್ನೆಲ್ಲ ಕಿತ್ತುಹಾಕಿದ್ದಾಳೆ. ಬೆಳಿಗ್ಗೆ ಅವನಿಗೆ ಹಿಟ್ಟಿನ ಉಂಡೆ ಕೊಟ್ಟು ನಾದಿಸಿ ಎಂದು ಅಮ್ಮನಿಗೆ ಅಪ್ಪಣೆಯಾಗಿದೆ. "ನಾನು ಹೇಳ್ಲಿಲ್ವಾ, ಕೂಸನ್ನ ಕೂಲಿಗೆ ಹಚ್ಚಿದ್ಲು!" ಎಂದು ಅಮ್ಮ ಓಣಿಗೆಲ್ಲ ಸಾರಿದಳು.

ಈಗ ಮುಖ್ಯ ಭಾಗ. ಕಳೆದ ಮಂಗಳವಾರ ಕೋಣೆಯ ಬಾಗಿಲು ಮುಚ್ಚಲಾಯಿತು. ದೊಮ್ನಾ ಥೆಮೆಲಿಸನ ಬನಿಯನ್ನಿನ ಒಳಗೆ ಕೈ ಹಾಕಿ, ಅಮ್ಮ ಅಲ್ಲಿ ಪಿನ್ನು ಚುಚ್ಚಿ ಸಿಕ್ಕಿಸಿದ್ದ ತಾಯಿತವನ್ನು ಬಿಚ್ಚಿದಳು. ಅದೇ, ನೀಲಿ ಮಣಿಯದು. ಅತ್ತ ಇತ್ತ ನೋಡಿ ಅದನ್ನು ತನ್ನ ಜೇಬಿಗೆ ಇಳಿಸಿದಳು! ಆಮೇಲೆ ಒಂದು ಬ್ರಷ್ಷಿನಿಂದ ಅವನ ತೋಳುಗಳನ್ನು ಗಸಗಸ ಉಜ್ಜಿದಳು, ನಾವು ದೋಣಿಯ ತಳ ಉಜ್ಜುವ ಹಾಗೆ. ಅಷ್ಟಾದ ಮೇಲೆ ನಿನ್ನ ಮಗನನ್ನು ಕಂಬಳಿಯಲ್ಲಿ ಸುರುಳಿ ಸುತ್ತಲಾಯಿತು. ತಲೆ ಮಾತ್ರ ಹೊರಗೆ. ಅವನಿಗಿಂತ ದೊಡ್ಡದಾದ ಒಂದು ರಬ್ಬರ್ ಚೆಂಡನ್ನು ತಂದು ಅವನ ಮೈಮೇಲೆ ಉರುಳಿಸಲಾಯಿತು. ಕಾಲಿನಿಂದ ಎದೆಯವರೆಗೆ, ಎದೆಯಿಂದ ಕಾಲಿನವರೆಗೆ, ಅದುಮಿ ಅದುಮಿ.

ಆಗ ಕಂಬಳಿಯೊಳಗಿಂದ ಒಂದು ಸದ್ದು ಬಂತು. ಅಕ್ಕಾ, ನಾನು ಹುಟ್ಟಿದಾಗಿನಿಂದ ಅವನ ಬಾಯಿಂದ ಅಂಥ ಸದ್ದು ಕೇಳಿಲ್ಲ (ಅಂದರೆ ಅವನು ಹುಟ್ಟಿದಾಗಿನಿಂದ).

ಅದೆಂಥ ಸದ್ದು? ಹಾ! ಹಡಗು ಸಿಳ್ಳೆ ಹಾಕುತ್ತಿದೆ, ಅಂಚೆಚೀಲ ಕಟ್ಟುತ್ತಿದ್ದಾರೆ. ಮಹಾರಾಣಿಯವರು ಮುಂದಿನ ಹಡಗಿನವರೆಗೆ ಉಸಿರು ಬಿಗಿಹಿಡಿದು ಕಾಯತಕ್ಕದ್ದು.

ಮಿ.

—

ನವೆಂಬರ್ 8

ಮಿಕೆಸ್,

ಮುಂದಿನ ಹಡಗು ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ. ಗಾಳಿ ಎದ್ದಿದೆ, ಬಂದರಿನವರು ಎಲ್ಲವನ್ನೂ ಕಟ್ಟಿ ನಿಲ್ಲಿಸಿದ್ದಾರೆ ಎಂದರು. ತಡೆಯಲಾರದೆ ಮನೆಗೆ ಫೋನ್ ಮಾಡಿದೆ. ನೀನಿರಲಿಲ್ಲ. ಅಮ್ಮ ಹೇಳಿದಳು, ತಾಯಿತ ಹೋದದ್ದು ನಿಜವಂತೆ. ನೀರಿಗೆ ಎಣ್ಣೆಯ ಹನಿ ಬಿಟ್ಟು ನೋಡಿದಳಂತೆ, ಎಣ್ಣೆ ನಿಲ್ಲದೆ ಹರಡಿತಂತೆ. ದೃಷ್ಟಿ ತಾಗಿದೆ, ಅದೂ ಭಾರಿ ದೃಷ್ಟಿ. ಅವನ ಎದೆಯ ಮೇಲೆ ಕೆಂಪು ಗುರುತುಗಳಿವೆಯಂತೆ.

ಎದೆಯ ಮೇಲೆ ಕೆಂಪು ಗುರುತು. ನೀನು ಅದನ್ನು ಬರೆದಿರಲಿಲ್ಲ.

ಇನ್ನು ಮುಂದೆ ಅವನನ್ನು ಅಲ್ಲಿಗೆ ಕಳಿಸಬೇಡ. ಕಾರಣ ಕೇಳಬೇಡ.

ಸೆ.

—

ನವೆಂಬರ್ 14

ಅಕ್ಕಾ,

ಗಾಳಿ ಎದ್ದಾಗ ನಾನು ಹಿಟ್ಟು ತರಲು ಪಕ್ಕದ ದ್ವೀಪಕ್ಕೆ ಹೋಗಿದ್ದೆ. ಅಲ್ಲೇ ಸಿಕ್ಕಿಹಾಕಿಕೊಂಡು, ಮೂಟೆಗಳ ಮೇಲೆ ಮಲಗಿ ದಿನ ಕಳೆದೆ. ನಿನ್ನೆ ಬಂದೆ. ನಿನ್ನ ಪತ್ರವೂ ನಾನೂ ಒಂದೇ ಹಡಗಿನಲ್ಲಿ ಬಂದೆವು.

ಬರುವಷ್ಟರಲ್ಲಿ ಇಲ್ಲಿ ಎಲ್ಲ ಮುಗಿದಿದೆ. ಇಲಾಖೆಯಿಂದ ದೊಮ್ನಾಳಿಗೆ ಫೋನ್ ಬಂತಂತೆ: ದೂರು ಬಂದಿದೆ, ವಿಚಾರಣೆ ಮುಗಿಯುವವರೆಗೆ ಆ ಮಗುವನ್ನು ಮುಟ್ಟಬೇಡಿ. ಅವಳು ನಮ್ಮ ಬೇಕರಿಗೆ ಬಂದು ನಿಂತಳು.

"ದೂರು ನಿಮ್ಮ ಮನೆಯಿಂದಾನೇ ಹೋಗಿದೆಯಂತೆ, ಮಿಕೆಸ್."

"ನಮ್ಮನೆಯಿಂದಾ? ಸಾಧ್ಯಾನೇ ಇಲ್ಲ."

"ಅರ್ಧ ಕೆ.ಜಿ. ಬ್ರೆಡ್ ಕೊಡು" ಎಂದಳು. ಅಷ್ಟೇ.

ನೀನು ನನಗೆ ಹೇಳಲಿಲ್ಲ. ಕಾರಣ ಕೇಳಬೇಡ ಎಂದು ಬರೆಯುವ ಹೊತ್ತಿಗೆ ನೀನು ದೂರು ಕೊಟ್ಟಾಗಿತ್ತು, ಅಲ್ಲವೇ?

ಅದು ನಗುವಿನ ಸದ್ದು, ಅಕ್ಕಾ. ಥೆಮೆಲಿಸ್ ನಕ್ಕ. ಹೊಟ್ಟೆಯಿಂದ ಬಂದ ನಗು, ಬಿಕ್ಕಳಿಕೆ ಬರುವವರೆಗೆ. ಚೆಂಡು ನಿಂತರೆ ಕಾಲು ಒದ್ದು ಇನ್ನೂ ಬೇಕು ಎನ್ನುತ್ತಿದ್ದ. ಮೈಮೇಲೆ ಭಾರ ಬಿದ್ದರೆ ಅವನಿಗೆ ಸಮಾಧಾನವಂತೆ, ಗಟ್ಟಿಯಾಗಿ ಯಾರೋ ಅಪ್ಪಿಕೊಂಡ ಹಾಗೆ. ನಾವು ಮೆಲ್ಲಗೆ ಸವರಿದರೆ ಅವನಿಗೆ ಇರುವೆ ಹರಿದ ಹಾಗಾಗುತ್ತದಂತೆ. ಸುದ್ದಿಯನ್ನು ಅರ್ಧಕ್ಕೆ ನಿಲ್ಲಿಸಿದ್ದು ನಿನ್ನನ್ನು ಆಟವಾಡಿಸಲು. ಗಾಳಿ ಏಳುತ್ತದೆಂದು ನನಗೆ ಗೊತ್ತಿರಲಿಲ್ಲ.

ತಾಯಿತವನ್ನು ಅವಳು ಕದಿಯಲಿಲ್ಲ. ಅದರ ಪಿನ್ನು ಅವನ ಎದೆಗೆ ಒತ್ತುತ್ತಿತ್ತು. ಅಂಗಿ ಹಾಕುವಾಗ ಅವನು ಮನೆ ಹಾರಿಹೋಗುವ ಹಾಗೆ ಕಿರುಚುತ್ತಿದ್ದದ್ದು ಅದಕ್ಕೇ. ಒತ್ತಿ ಒತ್ತಿ ಕೆಂಪಾಗಿತ್ತು. ಅಮ್ಮ ಆ ಕೆಂಪನ್ನು ದೃಷ್ಟಿಯ ಗುರುತೆಂದು ತಿಳಿದು, ದಿನಾ ಬೆಳಿಗ್ಗೆ ಪಿನ್ನನ್ನು ಇನ್ನಷ್ಟು ಭದ್ರ ಮಾಡುತ್ತಿದ್ದಳು. ದೊಮ್ನಾ ಅದನ್ನು ಬಟ್ಟೆಚೀಲಕ್ಕೆ ಹಾಕಿ ಉಯ್ಯಾಲೆಯ ಕೊಂಡಿಗೆ ನೇತುಹಾಕಿದ್ದಾಳೆ, ಅವನಿಗೆ ಕಾಣುವ ಹಾಗೆ. ಅಮ್ಮನಿಗೆ ಹೇಳಿಯೂ ಇದ್ದಳಂತೆ. ಸಿಹಿ ಮುಟ್ಟದವಳ ಮಾತನ್ನು ಅಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಬನಿಯನ್ನಿಗೆ ಹೊಸ ತಾಯಿತ ಬಂದಿದೆ, ಹೊಸ ಪಿನ್ನಿನ ಜೊತೆ. ಕಿರುಚಾಟವೂ ವಾಪಸ್ಸು ಬಂದಿದೆ.

ಇವತ್ತು ಶುಕ್ರವಾರ. ಅವನು ತಾನಾಗಿಯೇ ಗೋದಾಮಿಗೆ ನಡೆದ. ಮೆಟ್ಟಿಲ ಕೆಳಗೆ ಬೂಟು ಬಿಚ್ಚಿ ಜೋಡಿಸಿಟ್ಟ, ಅಲ್ಲಿ ಹಾಗೇ ಮಾಡಬೇಕು. ಬೀಗ ಹಾಕಿದ ಬಾಗಿಲಿಗೆ ಹಣೆ ಹಚ್ಚಿ ನಿಂತ. ಎಳೆದುಕೊಂಡು ಬರಲು ಹೋದರೆ ನನ್ನ ಮಣಿಕಟ್ಟು ಕಚ್ಚಿದ.

ದೂರು ಹಾಗೇ ಉಳಿದರೆ ಡಿಸೆಂಬರಿನಲ್ಲಿ ಅವಳನ್ನು ಬೇರೆ ದ್ವೀಪಕ್ಕೆ ಹಾಕುತ್ತಾರಂತೆ. ವಾಪಸ್ಸು ತೆಗೆದುಕೋ, ಅಕ್ಕಾ.

ಮಿಕೆಸ್

—

ನವೆಂಬರ್ 20

ಮಿಕೆಸ್,

ನಿನ್ನ ಪತ್ರ ಓದಿ ರಾತ್ರಿಯೆಲ್ಲ ಕೂತಿದ್ದೆ. ನಂಬಬೇಕೆಂದು ಆಸೆ. ಆದರೆ ಯಾರನ್ನು ನಂಬಲಿ? ಅಪ್ಪನ ತಿಥಿಯ ದಿನ ಪಾದ್ರಿಯ ಟೋಪಿಯೊಳಗೆ ಏಡಿ ಇಟ್ಟವನನ್ನೇ? ಹಿಂದಿನ ಪತ್ರದಲ್ಲಿ ಅವಳು ಸಂಚುಗಾರ್ತಿ, ಈಗ ದೇವತೆ. ಚಂದದ ಹುಡುಗಿಯಾ ಅವಳು? ಅದನ್ನು ನೀನು ಎಲ್ಲೂ ಬರೆದಿಲ್ಲ, ಅದೇ ನನಗೆ ಅನುಮಾನ.

ಇನ್ನೊಂದು. ಬಾಗಿಲು ಮುಚ್ಚಿತ್ತು ಎನ್ನುತ್ತೀಯ. ಹಾಗಾದರೆ ನೀನು ಹೇಗೆ ನೋಡಿದೆ?

ಹೌದು, ದೂರು ಕೊಟ್ಟವಳು ನಾನೇ. ಫೋನ್ ಇಟ್ಟ ಮರುಕ್ಷಣ ಹೋಗಿ ಕೊಟ್ಟೆ. ನಿನಗೆ ಹೇಳಿದ್ದರೆ ನೀನು ಅದನ್ನೂ ತಮಾಷೆ ಮಾಡುತ್ತಿದ್ದೆ.

ಅಮ್ಮ ಹೋಗಿ ನೋಡಲಿ. ಅವಳು ಆ ಹೆಂಗಸನ್ನು ಕಂಡರೆ ಉರಿದುಬೀಳುತ್ತಾಳೆ, ಆದ್ದರಿಂದ ಅವಳ ಮಾತನ್ನು ಮಾತ್ರ ನಂಬುತ್ತೇನೆ. ಅಮ್ಮ ಸರಿ ಎಂದರೆ ದೂರು ವಾಪಸ್ಸು. ಇಲ್ಲವಾದರೆ ಇಲ್ಲ.

ಸೆವಾಸ್ತಿ

—

ನವೆಂಬರ್ 27

ಅಕ್ಕಾ,

ಚಂದವೋ ಅಲ್ಲವೋ ಗೊತ್ತಿಲ್ಲ, ನನಗಿಂತ ಒಂದು ಗೇಣು ಎತ್ತರ. ಕತ್ತೆತ್ತಿ ನೋಡುವಷ್ಟರಲ್ಲಿ ಕತ್ತು ನೋಯುತ್ತದೆ. ಹೇಗೆ ನೋಡಿದೆ ಎಂದು ಕೇಳಿದ್ದೀಯ. ಆ ಕೋಣೆಗೆ ಕಿಟಕಿ ಇದೆ. ಈಗ ಅಮ್ಮನ ವಿಷಯ ಕೇಳು.

ನಿನ್ನ ಪತ್ರ ಓದಿ ಹೇಳಿದೆ. ಅಮ್ಮ ಏಪ್ರನ್ ಬಿಚ್ಚಿ, ಚರ್ಚಿನ ಕಪ್ಪು ಕೋಟು ಹಾಕಿ ಹೊರಟಳು. ದಾರಿಯುದ್ದಕ್ಕೂ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು. ಕೋಣೆಯ ಬಾಗಿಲಲ್ಲಿ ಬೂಟು ಬಿಚ್ಚಲು ಹೇಳಿದಾಗಲೇ ಒಂದು ಜಗಳ ಆಯಿತು. ಕಾಲುಚೀಲ ತೂತಾಗಿತ್ತು.

"ಅವನಿಗೆ ಏನು ಮಾಡ್ದೆಯೋ ಅದನ್ನೇ ನನಗೆ ಮಾಡು" ಎಂದಳು.

ದೊಮ್ನಾ ತಬ್ಬಿಬ್ಬಾದಳು. "ಕಲ್ಲಿಯೋಪಿ ಅಮ್ಮಾ, ನಿಮ್ಮ ಬೆನ್ನು—"

"ನನ್ನ ಬೆನ್ನು ನಲವತ್ತು ವರ್ಷದಿಂದ ಹಿಟ್ಟಿನ ಮೂಟೆ ಹೊತ್ತಿದೆ. ನಿನ್ನ ರಬ್ಬರ್ ಗುಳ್ಳೆ ಏನು ಮಹಾ? ಹಾಸು ಆ ಕಂಬಳೀನ!"

ಹಾಸಲಾಯಿತು. ನಮ್ಮಮ್ಮನನ್ನು, ಕಪ್ಪು ಕೋಟಿನ ಸಮೇತ, ಎಲೆಯಲ್ಲಿ ಅನ್ನ ಸುತ್ತಿದ ಹಾಗೆ ಸುತ್ತಲಾಯಿತು. ಚೆಂಡು ಉರುಳಿಸಲಾಯಿತು.

"ಇಷ್ಟೇನಾ?" ಎಂದಳು ಮೊದಲ ಸಲಕ್ಕೆ. "ಇನ್ನೂ ಒಸಿ ಮೇಲೆ" ಎಂದಳು ಎರಡನೆಯದಕ್ಕೆ. "ಭುಜದ ಹತ್ರ ನಿಲ್ಸು... ಹಾಂ... ಅಲ್ಲೇ." ಮೂರನೆಯದಕ್ಕೆ ಮಾತಿಲ್ಲ. ನೋಡಿದರೆ ಗೊರಕೆ! ನಾವಿಬ್ಬರೂ ಏನು ಮಾಡುವುದೆಂದು ತಿಳಿಯದೆ ನಿಂತೆವು. ದೊಮ್ನಾ ದೀಪ ಸಣ್ಣಗೆ ಮಾಡಿದಳು.

ಕೊನೆಗೆ ಅಮ್ಮ ಎದ್ದಳು. ಉಯ್ಯಾಲೆಯ ಕೊಂಡಿಯಲ್ಲಿದ್ದ ಬಟ್ಟೆಚೀಲ ನೋಡಿದಳು. ಬಿಚ್ಚಿ, ನೀಲಿ ಮಣಿಯನ್ನು ಬೆರಳಿನಿಂದ ಒರೆಸಿ, ಮತ್ತೆ ಕಟ್ಟಿದಳು.

"ಪಿನ್ನು ಚುಚ್ತಿತ್ತಾ ಅವನಿಗೆ?"

"ಚುಚ್ತಿತ್ತು ಅಮ್ಮಾ."

"ಕೂಸು ಹೇಳ್ಲಿಲ್ವಲ್ಲೇ."

"ಹೇಳ್ತಾನೇ ಇದ್ದ."

ಅಮ್ಮ ದೊಮ್ನಾಳ ಮುಖಕ್ಕೆ ಥೂ ಥೂ ಥೂ ಎಂದು ಮೂರು ಸಲ ಉಗುಳಿದಳು. ಪಾಪ, ಅವಳು ಬೆಚ್ಚಿ ಹಿಂದೆ ಸರಿದಳು. ಅದು ಆಶೀರ್ವಾದ ಎಂದು ನಾನು ತಿಳಿಸಿ ಹೇಳಬೇಕಾಯಿತು. ಮನೆಗೆ ಬಂದ ಮೇಲೆ ಅಮ್ಮ ಥೆಮೆಲಿಸನ ಬನಿಯನ್ನಿನಿಂದ ಹೊಸ ತಾಯಿತ ಬಿಚ್ಚಿ ಅವನ ಚೀಲದ ಪಟ್ಟಿಗೆ ಹೊಲಿದಳು. ಆಮೇಲೆ ನನ್ನನ್ನು ಕೂರಿಸಿ ಹೇಳಿದಳು, ನಾನು ಹೇಳಿದ ಹಾಗೇ ಬರಿ, ನಿನ್ನ ಮಸಾಲೆ ಸೇರಿಸ್ಬೇಡ:

"ಸೆವಾಸ್ತಿ, ಈ ಹೆಣ್ಣು ಕಳ್ಳಿ ಅಲ್ಲ. ಸಿಹಿ ತಿನ್ನಲ್ಲ, ಅದು ಬೇರೆ ಮಾತು. ಉತ್ತರದವರನ್ನ ಪೂರ್ತಿ ನಂಬೋಕಾಗಲ್ಲ, ನಾನು ಕಣ್ಣಿಟ್ಟಿರ್ತೀನಿ. ನೀನು ಕೊಟ್ಟಿರೋದನ್ನ ವಾಪಸ್ ತಗೋ. ಬೇಗ ತಗೋ. ಕೂಸು ಬಾಗಿಲಲ್ಲಿ ನಿಲ್ತಾನೆ."

ಕೆಳಗೆ ಅವಳ ಹೆಬ್ಬೆರಳಿನ ಎಣ್ಣೆಯ ಕಲೆಯಿದೆ. ರುಜು ಎಂದು ತಿಳಿ.

ಮಿಕೆಸ್

—

ಡಿಸೆಂಬರ್ 4

ಮಿಕೆಸ್,

ದೂರು ವಾಪಸ್ಸು ತೆಗೆದುಕೊಂಡೆ. ಇಲಾಖೆಯ ಕಚೇರಿಯಲ್ಲಿದ್ದ ಹೆಂಗಸು ಹೇಳಿದಳು, ವಿಚಾರಣೆಗೆಂದು ಫೋನ್ ಮಾಡಿ ಆ ಚೆಂಡಿನ ವಿಷಯ ಎಷ್ಟು ಕೇಳಿದರೂ ದೊಮ್ನಾ "ನನ್ನ ಕೋಣೆ, ನನ್ನ ಜವಾಬ್ದಾರಿ" ಎಂದಷ್ಟೇ ಹೇಳಿದಳಂತೆ. ಶುಕ್ರವಾರದಿಂದ ಬಾಗಿಲು ತೆಗೆಯುತ್ತದೆ.

ಈಗ ನನ್ನದು ಕೇಳು. ಇಲ್ಲಿ ಸರದಿ ಕ್ರಿಸ್ಮಸ್ಸಿಗೆ ಬರುವುದಿಲ್ಲ. ನಾನು ಬಂದ ಮೊದಲ ವಾರವೇ ಹೇಳಿದ್ದರು, ಎರಡು ವರ್ಷ ಆಗಬಹುದು, ಇನ್ನೂ ಹೆಚ್ಚೂ ಆಗಬಹುದು ಎಂದು. ಅಷ್ಟೆಲ್ಲ ಹಾರಾಡಿ ಊರು ಬಿಟ್ಟವಳು ಬರಿಗೈಯಲ್ಲಿ ಹೇಗೆ ವಾಪಸ್ಸಾಗಲಿ ಎಂದು ಇಲ್ಲೇ ಈರುಳ್ಳಿ ಹೆಚ್ಚುತ್ತ ಉಳಿದೆ. ನಾನಿಲ್ಲಿ ಹುಡುಕುತ್ತಿದ್ದದ್ದು ಅಲ್ಲೇ ನಮ್ಮ ಓಣಿಯ ಕೊನೆಗೆ ಬಂದು ಕೂತಿದೆ ಎಂದು ನೀನು ಬರೆದಾಗ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಏನೋ ಮೋಸವಿದೆ ಎಂದೇ ಅನ್ನಿಸಿತು.

ಆ ಪತ್ರವನ್ನು ನೀನು ಪೂರ್ತಿ ಬರೆದಿದ್ದರೆ, ಅವನು ನಕ್ಕ ಎಂದು ಬರೆದಿದ್ದರೆ, ನಾನು ದೂರು ಕೊಡುತ್ತಿರಲಿಲ್ಲ ಎಂದುಕೊಂಡಿದ್ದೀಯಾ? ಗೊತ್ತಿಲ್ಲ ಕಣೋ. ಆರು ವರ್ಷ ನಾನು ಮೆಲ್ಲಗೆ ಸವರಿದ್ದೇನೆ. ಒಬ್ಬ ಅಪರಿಚಿತಳು ಒಂದು ಚೆಂಡು ಉರುಳಿಸಿ ಅವನನ್ನು ನಗಿಸಿದಳು ಎಂದು ಓದಿದ್ದರೆ, ಬಹುಶಃ ಇನ್ನೂ ಬೇಗ ಓಡಿಹೋಗಿ ಕೊಡುತ್ತಿದ್ದೆ.

ಕೆಲಸ ಬಿಟ್ಟೆ. ಹದಿನೈದರ ಹಡಗಿಗೆ ಬರುತ್ತೇನೆ. ಮೊದಲು ಗೋದಾಮಿಗೇ ಹೋಗುತ್ತೇನೆ. ಅವಳ ಎರಡೂ ಕೈ ಹಿಡಿದು ಕ್ಷಮಿಸು ಎನ್ನಬೇಕು, ನನ್ನ ಮಗನನ್ನು ನಗಿಸಿದ ಕೈಗಳವು.

ಸೆವಾಸ್ತಿ

—

ಡಿಸೆಂಬರ್ 10

ಈರುಳ್ಳಿ ಸಾಮ್ರಾಜ್ಯವನ್ನು ತ್ಯಜಿಸಿ ಸ್ವದೇಶಕ್ಕೆ ದಯಮಾಡಿಸುತ್ತಿರುವ ಅಕ್ಕನಿಗೆ,

ಶುಕ್ರವಾರ ಬಾಗಿಲು ತೆಗೆಯಿತು. ಪವಾಡವೇನೂ ಆಗಲಿಲ್ಲ. ಮೊದಲು ಅವನು ದೊಮ್ನಾಳ ಕಡೆ ತಿರುಗಿಯೂ ನೋಡದೆ ಮೂಲೆಯಲ್ಲಿ ಕೂತು ಡಬ್ಬಿಗಳ ಮುಚ್ಚಳ ಸಾಲಾಗಿ ಇಟ್ಟ. ಸಿಟ್ಟು ಬಂದಿತ್ತು ಅಂತ ಕಾಣುತ್ತದೆ. ಅವಳು ಕರೆಯಲಿಲ್ಲ, ತಾನೂ ಸ್ವಲ್ಪ ದೂರದಲ್ಲಿ ಕೂತು ಮುಚ್ಚಳ ಜೋಡಿಸಿದಳು. ಮಂಗಳವಾರ ಬೇಳೆಯಲ್ಲಿ ಮೊಣಕೈವರೆಗೆ ಕೈ ಹೂತ. ಇವತ್ತು ಬೆಳಿಗ್ಗೆ ಅಂಗಿಯ ಒಂದು ತೋಳನ್ನು ತಾನೇ ಹಾಕಿಕೊಂಡ. ಇನ್ನೊಂದು ತೋಳಿಗೆ ಇನ್ನೊಂದು ಚಳಿಗಾಲ ಬೇಕಾಗಬಹುದು. ಬ್ರೆಡ್ಡಿನ ಅಂಚು ಬಿಟ್ಟು ಬೇರೇನೂ ತಿನ್ನುತ್ತಿಲ್ಲ. ಅಮ್ಮನಿಗೆ ಬೆನ್ನುನೋವಿನ ನೆಪ ಸಿಕ್ಕಿದೆ. ಸಂಜೆಯಾದರೆ ಗೋದಾಮಿನ ಕಡೆ ಸುಳಿದಾಡುತ್ತಾಳೆ.

ನೀನು ದೊಮ್ನಾಳ ಕೈ ಹಿಡಿಯುವ ಮೊದಲು ಒಂದು ಮಾತು ಹೇಳಿಬಿಡಬೇಕು, ಯಾಕೆಂದರೆ ನೀನು ಹೇಗೂ ಅವಳನ್ನು ಕೇಳುತ್ತೀಯ. ಮನೆಯವರೊಬ್ಬರು ಒಳಗಿದ್ದು ಕಲಿಯದೆ ಅವಳು ಯಾವ ಮಗುವನ್ನೂ ತೆಗೆದುಕೊಳ್ಳುವುದಿಲ್ಲ. ಮೊದಲ ದಿನದಿಂದಲೂ ನಾನು ಒಳಗೇ ಇದ್ದೆ. ಕಿಟಕಿಯ ಹೊರಗೆ ಯಾವ ಗೂಢಚಾರನೂ ಇರಲಿಲ್ಲ. ಅವತ್ತು ಬಾಗಿಲು ಮುಚ್ಚಿದವನು ನಾನು, ಚಳಿಯಾಗುತ್ತಿತ್ತು. ಅವಳು ಕಂಬಳಿಯ ತುದಿ ಹಿಡಿದು ಹೇಳಿಕೊಡುತ್ತಿದ್ದಳು, ಅಷ್ಟೇ.

ಚೆಂಡು ಉರುಳಿಸಿದವನು ನಾನೇ.